ಒಂದು ಮಿಲಿರ‍್ಯಾಡ್ ಎಂದರೆ ಹತ್ತು ಮೈಕ್ರೋಗ್ರೇ

ಇಂದು ಬೆಳಿಗ್ಗೆ ಒಂಬತ್ತಕ್ಕೆ ಹೆಂಡತಿ ಅಡುಗೆಮನೆಯಿಂದಲೇ, "ಒಳಗ ನಿಂದ್ರಾಕಾಗವಲ್ದು, ಅಷ್ಟು ಸೆಕಿ ಐತಿ" ಎಂದಳು. ನಾನು ಪಡಸಾಲೆಯ ಗೋಡೆಗೆ ತೂಗುಹಾಕಿದ ಉಷ್ಣಮಾಪಕ ನೋಡಿ, "ಮೂವತ್ತೆರಡೇ ಐತಿ" ಎಂದೆ. ಅವಳಿಗೆ ಜ್ವರದ ಲೆಕ್ಕವಷ್ಟೇ ಗೊತ್ತು. "ಅದು ಜ್ವರದ ಲೆಕ್ಕದಾಗ ಎಷ್ಟು?" ಎಂದಳು. ಫ್ಯಾರನ್‌ಹೀಟಿಗೆ ತಿರುಗಿಸುವ ಸೂತ್ರ ನನಗೆ ಬಾಯಿಪಾಠ. ಆದರೂ ಬರೆದದ್ದನ್ನು ನೋಡದೆ ಹೇಳುವವನಲ್ಲ ನಾನು. ಮೇಜಿನ ಖಾನೆ ಎಳೆದೆ.

ಬೇಕಾದ ಚೀಟಿ ಸಿಗಲಿಲ್ಲ. ಹಳದಿಯಾದ ಒಂದು ರಟ್ಟಿನ ತುಂಡು ಸಿಕ್ಕಿತು. ಅದರ ಮೇಲೆ ನನ್ನದೇ ನೆಟ್ಟನೆಯ ಅಕ್ಷರ: ಗಂಟೆಗೆ ಒಂದು ಮಿಲಿರ‍್ಯಾಡ್ ಎಂದರೆ ಗಂಟೆಗೆ ಹತ್ತು ಮೈಕ್ರೋಗ್ರೇ. ಮೂಗಿಗೆ ಹಿಡಿದೆ. ಫಿಲ್ಮ್ ತೊಳೆಯುವ ಔಷಧದ ಹುಳಿ ವಾಸನೆ ಇನ್ನೂ ಇತ್ತು. ಇದ್ದಂತೆ ನನಗೆ ಅನಿಸಿದ್ದೂ ಇರಬಹುದು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಸಿಂಧನೂರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದೆ. ಹಳ್ಳಿಯ ಜನರಿಗೆ ನಾನು 'ಫೋಟೋ ಸಾಹೇಬ್ರು'. ಓದಿದ್ದು ಲಿಂಗಸುಗೂರಿನ ಹಾಸ್ಟೆಲಿನಲ್ಲಿ. ಅಲ್ಲಿ ಐದಕ್ಕೆ ಗಂಟೆ, ಐದೂಕಾಲಿಗೆ ಸ್ನಾನ. ಹಾಸಿಗೆಯ ಮಡಿಕೆ ಓರೆಯಾದರೆ ಬೆಳಗಿನ ಉಪ್ಪಿಟ್ಟು ಖೋತಾ. ಆ ಶಿಸ್ತು ಮೈಗೆ ಹತ್ತಿಬಿಟ್ಟಿತ್ತು. ಮನೆಯಿದ್ದ ಮಸ್ಕಿಯಿಂದ ಏಳರ ಬಸ್ಸು ಹಿಡಿಯುತ್ತಿದ್ದೆ. ಬಸ್ಸು ತಡವಾದರೆ ನನಗೆ ಅದರ ಮೇಲೆ ಸಿಟ್ಟು; ಬಸ್ಸಿಗೆ ಮಾತ್ರ ನನ್ನ ಪರಿವೆಯೇ ಇರಲಿಲ್ಲ.

ಪ್ರತಿ ಸೋಮವಾರ ಒಂದು ವಿಧಿ. ರೋಗಿ ಮಲಗುವ ಜಾಗದಲ್ಲಿ, ಅವನ ಮೈಯ ಬದಲು, ನೀರು ತುಂಬಿದ ಪ್ಲಾಸ್ಟಿಕ್ ಕೊಡ ಇಟ್ಟು ಯಂತ್ರ ಓಡಿಸುವುದು, ನಾನು ನಿಲ್ಲುವಲ್ಲಿ ಮೀಟರ್ ಹಿಡಿಯುವುದು, ಸೋರುವ ಕಿರಣ ಗಂಟೆಗೆ ಎಷ್ಟೆಂದು ಬಾಗಿಲ ಪಕ್ಕದ ಹಲಗೆಯ ಮೇಲೆ ಬರೆಯುವುದು. ವರ್ಷಗಟ್ಟಲೆ ಬಂದದ್ದು ಎರಡು ಮಿಲಿರ‍್ಯಾಡ್. ಆ ಎರಡನ್ನು ನಾನೇ ಸಾಕಿದಂತೆ ಹೆಮ್ಮೆಪಡುತ್ತಿದ್ದೆ.

ಕೊಡ ತುಂಬಿ ತರುತ್ತಿದ್ದವಳು ಮುಕ್ಕುಂದದ ಹುಲಿಗೆವ್ವ, ಆಸ್ಪತ್ರೆಯ ಆಯಾ. ಕಸ, ನೆಲ, ನೀರು ಮುಗಿದ ಮೇಲೆ ಎಕ್ಸ್‌ರೇ ಕೋಣೆಯ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದಳು. ಓದು ಬರದು, ಆದರೆ ಬಸ್ಸಿನ ನಂಬರಿನಿಂದ ಅಂಕಿ ಕಲಿತಿದ್ದಳು.

ಹಳೆಯ ಮೀಟರ್ ಕೆಟ್ಟು ಹೊಸದು ಬಂತು. ಅದರ ಮುಖದ ಮೇಲೆ ರ‍್ಯಾಡ್ ಎಂಬ ಹಳೆಯ ಅಳತೆ ಇಲ್ಲ, ಗ್ರೇ ಎಂಬ ಹೊಸದು. ಆ ಸೋಮವಾರ ನಾನು ಹಲಗೆಯ ಮೇಲೆ ಇಪ್ಪತ್ತು ಎಂದು ಬರೆದೆ. ಮರುದಿನ ಹುಲಿಗೆವ್ವ ಬೆಂಚಿನ ಮೇಲೆ ಕೂರಲಿಲ್ಲ. ಪೊರಕೆ ಹಿಡಿದು ಗೋಡೆಗೆ ಆತು ನಿಂತಿದ್ದಳು.

"ಫೋಟೋ ಸಾಹೇಬ್ರ, ಎರಡು ಇದ್ದದ್ದು ಇಪ್ಪತ್ತು ಆಗೇತಲ್ರಿ. ಕೆಲಸ ಬಿಡ್ಲೇನ್ರಿ?"

"ಯಾಕ ಬಿಡ್ತೀ?"

ಅವಳು ತಲೆ ತಗ್ಗಿಸಿದಳು. "ಎಂಟು ವರ್ಷದ ಮ್ಯಾಲ, ಮೂರು ತಿಂಗಳ್ರಿ. ಬಿಟ್ರ ಉಣ್ಣಾಕಿಲ್ಲ. ಬಿಡದಿದ್ರ ಹೊಟ್ಯಾಗಿಂದು ಏನಾಗತೈತೋ."

ನನಗೆ ಇಂಥ ಅವಕಾಶ ಬೇಕೇ ಆಗಿತ್ತು. ಹೊಸ ಮೀಟರ್ ಬಂದಾಗ ಬರೆದುಕೊಂಡ ಈ ರಟ್ಟು ತೋರಿಸಿ, ಮೇಷ್ಟ್ರಂತೆ ನಿಂತು ಹೇಳಿದೆ: "ಸೇರಿನಾಗ ಅಳದ ಜ್ವಾಳ ಕಿಲೋದಾಗ ತೂಗಿದ್ರ ಅಂಕಿ ಬ್ಯಾರೆ ಆಗತೈತಿ. ಜ್ವಾಳ ಹೆಚ್ಚಾಗತೈತೇನು? ಹಳೇ ಎರಡೂ ಹೊಸಾ ಇಪ್ಪತ್ತೂ ಒಂದೇ."

ಅವಳು ಪೊರಕೆಯನ್ನು ಗೋಡೆಗೆ ಆನಿಸಿದಳು.

"ಜ್ವಾಳ ಹೆಚ್ಚಾಗಂಗಿಲ್ಲ, ಖರೆ. ಆದ್ರ ನೀವು ಅಳದದ್ದು ನಿಮ್ಮ ಚೀಲ ಅಲ್ಲೇನ್ರಿ? ನೀವು ನಿಂತಲ್ಲೇ ಮೀಟರ್ ಹಿಡೀತೀರಿ. ನನ್ನ ಚೀಲ ಯಾವಾಗ ಅಳದೀರಿ?"

ನೀವು ನನ್ನ ಜಾಗದಲ್ಲಿದ್ದರೆ ಏನು ಹೇಳುತ್ತಿದ್ದಿರೋ ಗೊತ್ತಿಲ್ಲ. ನಾನು ರಟ್ಟನ್ನು ಜೇಬಿಗೆ ಹಾಕಿಕೊಂಡೆ. ನಾನು ನಿಲ್ಲುತ್ತಿದ್ದುದು ಸೀಸದ ತಡಿಕೆಯ ಹಿಂದೆ. ಬೆಂಚಿನ ಹತ್ತಿರ ಒಂದು ಸೋಮವಾರವೂ ಹೋಗಿರಲಿಲ್ಲ.

ಡಾಕ್ಟರನ್ನು ಕರೆದು ಗುಂಡಿ ಒತ್ತಲು ಹೇಳಿದೆ. ಹುಲಿಗೆವ್ವನನ್ನು ಅಂಗಳಕ್ಕೆ ಕಳಿಸಿ, ಸೀಸದ ಏಪ್ರನ್ ತೊಟ್ಟು, ಬೆಂಚಿನ ಮೇಲೆ ಅವಳ ಜಾಗದಲ್ಲೇ ಕೂತು ಮೀಟರ್ ಹಿಡಿದೆ. ಮುಳ್ಳು ಇಪ್ಪತ್ತು ದಾಟಿತು, ಐವತ್ತು ದಾಟಿತು, ನೂರಾ ನಲವತ್ತಕ್ಕೆ ನಿಂತಿತು. ಹಳೆಯ ಲೆಕ್ಕದಲ್ಲಿ ಹದಿನಾಲ್ಕು. ಬಾಗಿಲಿಗೆ ಬಡಿದ ಸೀಸದ ತಗಡು ಕೆಳಗೆ ಒಂದು ಗೇಣು ಸಾಲದೆ ಹೋಗಿತ್ತು.

ಡಾಕ್ಟರು ಸಮಾಧಾನಿ. "ಗಂಟೆಗೆ ಇಷ್ಟು ಅಂದ್ರ ಕಾಲುವಿ ನೀರಿದ್ದಂಗ, ಹುಲಿಗೆವ್ವ. ತೂಬು ಎಷ್ಟು ಹೊತ್ತು ತೆರದಿತ್ತು ಅನ್ನೂದು ನೋಡಬೇಕು. ಮಷೀನು ದಿನಕ್ಕ ಕೆಲವು ನಿಮಿಷ ಓಡತೈತಿ, ಅಷ್ಟ. ಎಲ್ಲಾ ಕೂಡಿಸಿದ್ರೂ ಭಾಳ ಕಡಿಮಿ. ಅಂಜಬ್ಯಾಡ" ಎಂದರು. ಅವರ ಲೆಕ್ಕ ಸರಿಯಿತ್ತು. ಆದರೂ ಅಂದೇ ನಾನು, ಅವಳು ಬೇಡವೆಂದರೂ ಕೇಳದೆ, ಬೆಂಚನ್ನು ಹೊತ್ತು ಔಷಧಿ ಕೋಣೆಯ ಆಚೆಗೆ ಇಟ್ಟೆ. ವಾರದೊಳಗೆ ಬಾಗಿಲಿಗೆ ಕೆಳತನಕ ತಗಡು ಬಂತು. ಅವಳ ಕೆಲಸವೂ ಉಳಿಯಿತು.

ಆ ಆರು ತಿಂಗಳು ನಾನು ಯಾರಿಗೂ ಹೇಳದೆ ದಿನ ಎಣಿಸಿದೆ. ಹೆಣ್ಣು ಹುಟ್ಟಿತು. ಬಾಣಂತನ ಮುಗಿಸಿ ಬಂದವಳು ಕೂಸನ್ನು ಅದೇ ಬೆಂಚಿನ ಮೇಲೆ ಮಲಗಿಸಿದಳು. ಅದು ಕೈಕಾಲು ಬಡಿದು ಅಳತೊಡಗಿತು.

"ಮೀಟರ್ ಹಿಡೀರಿ ಸಾಹೇಬ್ರ," ಎಂದಳು, "ಗಂಟೆಗೆ ಎಷ್ಟು ಚೀರತೈತಿ ನೋಡೂಣು."

ಇಂದು ಆ ರಟ್ಟನ್ನು ಮತ್ತೆ ಖಾನೆಗೆ ಹಾಕಿದೆ. ಪಡಸಾಲೆಯ ಗೋಡೆಯಿಂದ ಉಷ್ಣಮಾಪಕ ಕಳಚಿ, ಅಡುಗೆಮನೆಗೆ ಹೋಗಿ ಒಲೆಯ ಪಕ್ಕದ ಮೊಳೆಗೆ ಸಿಕ್ಕಿಸಿದೆ.

"ಇಲ್ಲೇನು ಮಾಡಾಕತ್ತೀರಿ?" ಎಂದಳು ಹೆಂಡತಿ, ಸೆರಗಿನಿಂದ ಮುಖ ಒರೆಸುತ್ತ.

"ನಿನ್ನ ಚೀಲ ಅಳಿಯಾಕತ್ತೀನಿ."

ಅವಳಿಗೆ ಅರ್ಥವಾಗಲಿಲ್ಲ. ಪಾದರಸ ಮೂವತ್ತೊಂಬತ್ತು ದಾಟಿ ಇನ್ನೂ ಏರುತ್ತಿತ್ತು. ನಾನು ಲಟ್ಟಣಿಗೆ ಅವಳ ಕೈಯಿಂದ ತೆಗೆದುಕೊಂಡು, ಪಡಸಾಲೆಯ ಫ್ಯಾನಿನ ಕೆಳಗೆ ಕೂರಲು ಹೇಳಿದೆ.