ಕಚ್ಚಿ ಕುಡಿಯುವುದು, ಎತ್ತಿ ಕುಡಿಯುವುದು

ನೀವು ಚೊಂಬಿನ ನೀರನ್ನು ಹೇಗೆ ಕುಡಿಯುತ್ತೀರೋ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಒಂದೇ ಕಾನೂನು. ತಲೆಯನ್ನು ಹಿಂದಕ್ಕೆ ಚೆಲ್ಲಿ, ಚೊಂಬನ್ನು ಗೇಣು ಮೇಲೆ ಹಿಡಿದು, ಧಾರೆ ನೇರವಾಗಿ ಗಂಟಲಿಗೇ ಇಳಿಯುವಂತೆ ಎತ್ತಿ ಕುಡಿಯಬೇಕು. ತುಟಿ ಅಂಚಿಗೆ ತಾಗಿತೋ, ಅಜ್ಜಿ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು: “ಕಚ್ಚಿ ಕುಡೀಬ್ಯಾಡ ಕಣಮ್ಮಿ, ಎಂಜಲಾಯ್ತದೆ!” ಲೋಕದ ಜನರನ್ನೆಲ್ಲ ಕಚ್ಚಿ ಕುಡಿಯುವವರು, ಎತ್ತಿ ಕುಡಿಯುವವರು ಎಂದು ಎರಡು ಪಾಲು ಮಾಡಬಹುದೆಂದು ಬಹಳ ದಿನ ನಂಬಿದ್ದೆ. ದೇವರನ್ನೂ ಕೆಲವರು ಕಚ್ಚಿ, ಕೆಲವರು ಎತ್ತಿ ಕುಡಿಯುತ್ತಾರೇನೋ ಎಂಬ ಅನುಮಾನ ಆಮೇಲೆ ಬಂತು. ಬಂದದ್ದು ಇನ್ನೂ ಹೋಗಿಲ್ಲ.

ನಮ್ಮದು ದೊಡ್ಡೇರಿ ಕಡೆಯ ಹಳ್ಳಿ. ಊರಿನಿಂದ ಆಚೆಗಿದ್ದ ನಮ್ಮ ಕೇರಿ ಅಜ್ಜಿಯ ಪ್ರಾಯದಲ್ಲಿ ಕ್ರೈಸ್ತವಾಯಿತು. ಅದಕ್ಕೆ ಮೊದಲೂ, ಆಮೇಲೂ, ಗೌಡರ ಹಿತ್ತಲಲ್ಲಿ ಕೆಲಸಕ್ಕೆ ಹೋದರೆ ಬೊಗಸೆ ಒಡ್ಡಿ ನಿಲ್ಲಬೇಕಿತ್ತು. ಅವರು ಮೇಲಿನಿಂದ ನೀರು ಹುಯ್ಯುತ್ತಿದ್ದರು. ಹಾಗೆ ಬಾಗಿದ ಕೈಗಳು ನಮ್ಮ ಯೇಸುವಿನ ಗುಡಿಯ ಬಾಗಿಲು ದಾಟಿದ ಮೇಲೂ ಬಾಗಿಯೇ ಇದ್ದವು. ಯೇಸುವಿನ ಕಡೆಯ ಊಟವನ್ನು ನೆನೆಯುವ ಕರ್ತನ ಭೋಜನದ ದಿನ, ಶಿರಾದ ಸಾಬರ ಅಂಗಡಿಯಿಂದ ತಂದ ಒಣದ್ರಾಕ್ಷಿಯನ್ನು ನೆನೆಸಿ ಹಿಂಡಿದ ರಸ ಒಂದೇ ಬಟ್ಟಲಿನಲ್ಲಿ ಎಲ್ಲರ ಮುಂದೆ ಬರುವಾಗ, ಅಜ್ಜಿ ಮಾತ್ರ ಬೊಗಸೆ ಒಡ್ಡುತ್ತಿದ್ದಳು. ಹಳೆಯ ಪಾದ್ರಿಗಳು, ಕನಿಕರಕ್ಕೋ ಅವಸರಕ್ಕೋ, ಹುಯ್ದುಬಿಡುತ್ತಿದ್ದರು.

ನಾನು ಮಧುಗಿರಿಯ ಶಾಲೆಯೊಂದಕ್ಕೆ ಮೇಡಂ ಆಗಿ ಸೇರಿದ ಹೊಸತು, ಐವತ್ತರ ದಶಕದ ಕೊನೆಯಿರಬೇಕು, ಹೊಸ ಪಾದ್ರಿಗಳು ಬಂದರು. ಪುಸ್ತಕದ ಕನ್ನಡ, ಮೆದು ದನಿ, ಒಳ್ಳೆಯ ಮನುಷ್ಯ. ಅಜ್ಜಿಯ ಬೊಗಸೆಯ ಮುಂದೆ ಅವರು ನಿಂತರು. “ಇಲ್ಲಿ ಎಂಜಲೂ ಇಲ್ಲ, ಮೈಲಿಗೆಯೂ ಇಲ್ಲ, ತಾಯಿ. ಈ ಬೊಗಸೆ ನಿಮ್ಮನ್ನು ತುಳಿದವರು ಕಲಿಸಿದ್ದು. ಬಟ್ಟಲಿಗೆ ಬಾಯಿಟ್ಟು ಕುಡಿಯಿರಿ.” ಅಜ್ಜಿ ಕೈ ಇಳಿಸಲಿಲ್ಲ. ಅವರು ಹುಯ್ಯದೆ ಬಟ್ಟಲಿನೊಂದಿಗೆ ಮುಂದಕ್ಕೆ ಹೋದರು. ಅವರು ಮತ್ತೆ ನಮ್ಮೂರಿಗೆ ಬರುವುದು ಸುಗ್ಗಿ ಕಳೆದ ಮೇಲೆ.

ಆ ಸುಗ್ಗಿಯುದ್ದಕ್ಕೂ ಅಜ್ಜಿ ಸೊರಗಿದಳು. ಸಭೆಯ ಹಿರಿಯ ಯೋನಪ್ಪ ಸಮಾಧಾನಕ್ಕೆ ಬಂದ.

“ಹಳೇ ಅಯ್ನೋರು ಹುಯ್ತಿರ್ನಿಲ್ವಾ ಕರುಣಮ್ಮಕ್ಕ? ನಡ್ಕಂಡ್ ಬಂದಿದ್ದನ್ನ ಇವ್ರ್ಯಾಕೆ ಮುರೀಬೇಕು? ನಾನು ಕೇಳ್ತೀನಿ ಬುಡು.”

“ನೀನ್ ಕೇಳಿ ಕಡ್ದು ಕಟ್ಟೆ ಹಾಕಿದ್ದು ಸಾಕು ಬುಡ್ಲಾ. ಮೊದ್ಲು ಆ ಹೊಗೆಸೊಪ್ಪು ಉಗ್ದು ಗುಡಿಗ್ ಬಾ.”

ಅವನು ಹೋದ ಮೇಲೆ ನನ್ನ ಕಡೆ ತಿರುಗಿದಳು. “ಈ ಸಲಾನೂ ಸಿಗ್ದಿದ್ರೆ, ಮುಂದಿನ್ ಸಲಕ್ಕೆ ನಾನಿರ್ತೀನೋ ಇಲ್ವೋ. ಬರೀ ಗಂಟ್ಲಲ್ಲಿ ಹೆಂಗಮ್ಮಿ ಅಲ್ಲಿಗ್ ಹೋಗ್ಲಿ?”

ಹಾಗಿದ್ದರೆ ಬಾಯಿಡಬಾರದೇಕೆ ಎಂದು ನಾನು ಕೇಳಿದ್ದೆ. ಅವಳ ಉತ್ತರ ನನ್ನ ನೆನಪಿನಲ್ಲಿ ಎರಡಿವೆ. “ನನ್ ಬಾಯಿ ತಾಗಿ ಸ್ವಾಮಿ ಬಟ್ಲು ಕೆಡೋದ್ ಬ್ಯಾಡ” ಎಂಬುದು ಒಂದು. “ಆ ಯೋನನ ಎಂಜಲು ನಾನ್ಯಾಕ್ ಕುಡೀಲಿ?” ಎಂಬುದು ಇನ್ನೊಂದು. ಒಂದರಲ್ಲಿ ಅವಳು ತನ್ನನ್ನೇ ಹೇಸುತ್ತಾಳೆ, ಇನ್ನೊಂದರಲ್ಲಿ ಪಕ್ಕದವನನ್ನು. ಎರಡನ್ನೂ ಅವಳೇ ಹೇಳಿದಳೋ, ಒಂದನ್ನು ನಾನು ಆಮೇಲೆ ನನ್ನ ಅನುಕೂಲಕ್ಕೆ ಹೊಲಿದುಕೊಂಡೆನೋ, ಆಣೆಯಿಟ್ಟು ಹೇಳಲಾರೆ. ನೆನಪು ಸಾಕ್ಷಿಯಲ್ಲ ಸ್ವಾಮಿ, ಅದು ವಕೀಲ.

ನನ್ನ ದಿಗಿಲು ಬೇರೆಯದೇ ಆಗಿತ್ತು. ಗೌಡರ ಹಿತ್ತಲಲ್ಲಿ ಕಲಿತ ಭಯ ಕರ್ತನ ಮೇಜಿನವರೆಗೂ ಹಿಂಬಾಲಿಸಿ ಬಂದರೆ ಅದು ಅಪನಂಬಿಕೆಯೇ? ಸಂಪ್ರದಾಯವನ್ನು ಮುರಿಯಲೇಬೇಕೆಂಬ ಪಾದ್ರಿಗಳ ಹಟವೂ ಒಂದು ಸಂಪ್ರದಾಯವಾಗಿ ಗಟ್ಟಿಯಾಗುತ್ತಿರಲಿಲ್ಲವೇ? ಹೋಗಲಿ, ನನ್ನ ಮಾತೇನು? ಮೊಣಕಾಲೂರುವುದು, ಕಣ್ಣು ಮುಚ್ಚುವುದು, ಬಾಯಿಪಾಠದ ಆಮೆನ್, ಇವೆಲ್ಲ ನನಗೆ ಎಣ್ಣೆ ಹಚ್ಚಿದ ಬಾಗಿಲಿನಂತೆ ಸಲೀಸು. ಸದ್ದೇ ಮಾಡದ ಬಾಗಿಲು ಯಾರಾದರೂ ಒಳಗೆ ಬಂದರೂ ತಿಳಿಸುವುದಿಲ್ಲ. ಅಜ್ಜಿಯ ಬೊಗಸೆಯಾದರೂ ನಡುಗುತ್ತಿತ್ತು.

ಸುಗ್ಗಿ ಮುಗಿದ ಮೇಲಿನ ಭಾನುವಾರ ಪಾದ್ರಿಗಳು ಸೈಕಲ್ಲಿನಲ್ಲಿ ಬಂದರು. ಗಂಡಸರ ಸಾಲಿನ ಕೊನೆಗೆ ಯೋನಪ್ಪ, ಹೆಂಗಸರ ಸಾಲಿನ ಮೊದಲಿಗೆ ಅಜ್ಜಿ, ಅವಳ ಪಕ್ಕ ನಾನು. ಒಬ್ಬೊಬ್ಬರು ಕುಡಿದ ಮೇಲೂ ಪಾದ್ರಿಗಳು ಬಿಳಿಯ ವಸ್ತ್ರದಿಂದ ಬಟ್ಟಲಿನ ಅಂಚನ್ನು ಒರೆಸಿ ಮುಂದಿನವರಿಗೆ ಹಿಡಿಯುತ್ತಿದ್ದರು. ಅದು ನಡೆದು ಬಂದದ್ದು, ನಾವು ಯಾರೂ ಅದನ್ನು ಗಮನಿಸಿಯೇ ಇರಲಿಲ್ಲ. ಯೋನಪ್ಪ ಕುಡಿದ. ವಸ್ತ್ರ ಅಂಚಿಗೆ ಹೋಯಿತು.

“ಎಂಜಲಿಲ್ಲ ಅಂದ್ರಲ್ಲ ಅಯ್ನೋರೆ,” ಅಜ್ಜಿಯ ದನಿಯಲ್ಲಿ ವಾದವಿರಲಿಲ್ಲ, ತಿಳಿಯದವಳ ಗಾಬರಿಯಿತ್ತು. “ಮತ್ತೆ ಒರ್ಸೋದು ಯಾತುಕ್ಕೆ?”

ನಾನು ತಲೆಯೆತ್ತಿದೆ. ಪಾದ್ರಿಗಳ ಮುಖ ಕೆಂಪಾಗಿತ್ತು. “ಗೊತ್ತಿಲ್ಲ, ತಾಯಿ” ಎಂದರು. ವಸ್ತ್ರವನ್ನು ಮಡಿಸಿ ಮೇಜಿನ ಮೇಲಿಟ್ಟರು. ಒರೆಸದ ಬಟ್ಟಲನ್ನು ಅವಳ ಮುಂದೆ ಹಿಡಿದರು. ಅಜ್ಜಿ ತನ್ನ ಪ್ರಶ್ನೆಯ ಬಲೆಗೆ ತಾನೇ ಬಿದ್ದಿದ್ದಳು. ಅವಳ ಬೊಗಸೆ ಅರ್ಧಕ್ಕೆ ಏರಿ ನಿಂತಿತು.

ಮುಂದಿನದನ್ನು ನಾನು ನೋಡಲಿಲ್ಲ. ಪ್ರಾರ್ಥನೆಯ ಅಭ್ಯಾಸವೋ, ನೋಡಲಾರದ ಭಯವೋ, ಕಣ್ಣು ತಾನಾಗಿ ಮುಚ್ಚಿತು. ಅಜ್ಜಿ ಬಾಯಿಟ್ಟು ಕುಡಿದಳು ಎನ್ನುತ್ತಾಳೆ ನನ್ನ ಪಕ್ಕದಲ್ಲಿದ್ದ ಅಮ್ಮ. ಬಟ್ಟಲನ್ನೇ ಕಿತ್ತುಕೊಂಡು ಎತ್ತಿ ಕುಡಿದಳು ಎಂದು ಯೋನಪ್ಪ ಸಾಯುವವರೆಗೂ ಹೇಳಿದ. ಅವಳನ್ನು ಕೇಳಿದರೆ, “ಸಿಕ್ತು ಬುಡಮ್ಮಿ” ಎಂದಷ್ಟೇ. ನಾನು ಕೇಳಿದ್ದು ಒಂದು ಗುಟುಕಿನ ಸದ್ದು ಮಾತ್ರ.

ಬಟ್ಟಲು ನನ್ನೆದುರು ಬಂತು. ಅಂಚು ಒದ್ದೆಯಾಗಿತ್ತು. ಯಾರ ತುಟಿಯ ಒದ್ದೆ? ಒಣಗಿದ ಕಡೆಗೆ ತಿರುಗಿಸಿಕೊಳ್ಳಲು ನನ್ನ ಬೆರಳು ತಾನಾಗಿಯೇ ಹೊರಟಿತು. ಪಾದ್ರಿಗಳು ಬಟ್ಟಲನ್ನು ಬಿಡಲಿಲ್ಲ. ಕಣ್ಣು ತೆರೆದುಕೊಂಡೇ, ಆ ಒದ್ದೆಗೇ ಬಾಯಿಟ್ಟು ಕುಡಿದೆ.