ಅಪ್ಪನ ಕ್ಯಾಮೆರಾದ ಸೆಲ್ಲು

ಅಪ್ಪನ ಹಳೆಯ ಕ್ಯಾಮೆರಾದ ತಳದ ಮುಚ್ಚಳ ತಿರುಗಿಸಿದರೆ ಈಗಲೂ ಒಂದು ಹುಳಿ ವಾಸನೆ ಮೂಗಿಗೆ ಬಡಿಯುತ್ತದೆ. ಸೆಲ್ಲು ಕೂರುವ ಜಾಗ ಮೊನ್ನೆಯವರೆಗೂ ಹಸಿರು ಕಿಲುಬು ಕಟ್ಟಿಕೊಂಡಿತ್ತು. ಅಲ್ಲಿ ಮೂಲದಲ್ಲಿ ಎಂಥ ಸೆಲ್ಲಿತ್ತು ಎಂದು ಪತ್ತೆ ಮಾಡಿಯೇ ತೀರುತ್ತೇನೆಂದು ನಾನು ಹಟ ಹಿಡಿದೆ. ಮನೆಯವರು ಮೊಬೈಲು ತೋರಿಸಿ ನಕ್ಕರು. ನಗಲಿ ಬಿಡಿ.

ಹಟಕ್ಕೆ ಕಾರಣ ಮರಿಯವ್ವ. ಹಳಿಯಾಳದಲ್ಲಿ ನಮ್ಮ ಮನೆಯ ಹಿಂದೆಯೇ ಇರುವ ಸಿದ್ದಿ ಹೆಂಗಸು, ಹಳೆ ಬಟ್ಟೆ ಕೂಡಿಸಿ ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ಅಪ್ಪನಿಗೆ ಫೋಟೊದ ಹುಚ್ಚು. ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮುಳ್ಳು ನೋಡದೆ ಅವರು ಗುಂಡಿ ಒತ್ತಿದವರಲ್ಲ. ಹಳೆಯ ಸೆಲ್ಲು ಅಂಗಡಿಗಳಿಂದ ಮಾಯವಾದಾಗ ಅದೇ ಅಳತೆಯ ಬೇರೆಯದನ್ನು ಹುಬ್ಬಳ್ಳಿಯಿಂದ ತಂದು ಹಾಕಿದರು. ಟಾರ್ಚಿನ ಸೆಲ್ಲನ್ನು ಬಿಸಿಲಿಗಿಟ್ಟು ಮತ್ತೆ ಉರಿಸುವ ಮಂದಿ ನಾವು. ಕೂತಿತೆಂದರೆ ಮುಗಿಯಿತು, ವೋಲ್ಟು ಯಾರು ಕೇಳುತ್ತಾರೆ? ಆ ಸೆಲ್ಲು ನಂಬಿ ಮರಿಯವ್ವನ ಫೋಟೊ ತೆಗೆದರು, ಹೊಸ ಕೌದಿಯ ಸಮೇತ.

ಫೋಟೊ ಬಂದಾಗ ಆಕೆ ಬಹಳ ಹೊತ್ತು ನೋಡಿದಳು. "ಕೌದಿ ಚಂದ ಬಂದೈತ್ರಿ. ನಾ ಎಲ್ಲಿ ಅದೇನಿ?" ಎಂದಳು.

ಮುಖವೆಲ್ಲ ಕತ್ತಲು. "ನನ್ನ ಕಣ್ಣು ಹೋದೂ," ಎಂದ ಅಪ್ಪ ಕ್ಯಾಮೆರಾ ಟ್ರಂಕಿಗೆ ಹಾಕಿದವರು ಸಾಯುವ ತನಕ ಹೊರತೆಗೆಯಲಿಲ್ಲ.

ಆ ಕಿಲುಬನ್ನು ನಿಂಬೆಹೋಳಿನಿಂದ ತಿಕ್ಕಿ ತಿಕ್ಕಿ ಬೆರಳು ಉರಿದವು. ಕೊನೆಗೆ ಮುಚ್ಚಳದೊಳಗೆ ಅಂಕಿ ಮೂಡಿತು: ೧.೩೫ ವೋಲ್ಟು. ಅಂದರೆ ಪಾದರಸದ ಸೆಲ್ಲು. ಅಪ್ಪ ಹಾಕಿದ್ದು ಒಂದೂವರೆ ವೋಲ್ಟಿನದು. ಆ ಹೆಚ್ಚಿನ ಬಲಕ್ಕೆ ಮುಳ್ಳು ಇರುವುದಕ್ಕಿಂತ ಹೆಚ್ಚು ಬೆಳಕು ತೋರಿಸಿತ್ತು. ಅದನ್ನು ನಂಬಿ ಅಪ್ಪ ಒಳಗೆ ಕಡಿಮೆ ಬೆಳಕು ಬಿಟ್ಟಿದ್ದರು; ತಿಳಿ ಬಣ್ಣದ ಕೌದಿ ಉಳಿದು, ಮರಿಯವ್ವನ ಕಪ್ಪು ಮುಖ ಮುಳುಗಿತ್ತು. ಕಣ್ಣಿನ ತಪ್ಪು ಎಳ್ಳಷ್ಟೂ ಇರಲಿಲ್ಲ.

ಪಾದರಸದವು ಈಗ ಸಿಗುವುದಿಲ್ಲ. ಅದಕ್ಕೆ ಹತ್ತಿರದ್ದು ಕಿವಿ ಮಷಿನ್ನಿನ ಸೆಲ್ಲು. ಔಷಧಿ ಅಂಗಡಿಯವನು ತರಿಸಿಕೊಡುತ್ತೇನೆಂದ. ಅಷ್ಟು ತಾಳ್ಮೆ ನನಗೆಲ್ಲಿ? ಅಂಥದೊಂದು ಈಗ ಮುದುಕಿಯಾದ ಮರಿಯವ್ವನ ಕಿವಿಯಲ್ಲೇ ಇತ್ತು. ಹೋಗಿ ಎಲ್ಲ ಹೇಳಿದೆ. ಆಕೆ ಮಷಿನ್ನು ಬಿಚ್ಚಿ ಕೈಗಿಟ್ಟಳು.

"ತಗೊ. ಇನ್ನ ನೀ ಏನಂದ್ರೂ ನನಗ ಕೇಳ್ಸೂದಿಲ್ಲ. ಈ ಸಲ ಮುಖ ಬರಬೇಕು ನೋಡು."

ಸೆಲ್ಲು ಚಿಕ್ಕದು, ಸುತ್ತ ರಬ್ಬರ್ ಉಂಗುರ ಕೊಟ್ಟು ಕ್ಯಾಮೆರಾದಲ್ಲಿ ಕೂರಿಸಿದೆ. ಅಭ್ಯಾಸಬಲದಿಂದ "ಸ್ವಲ್ಪ ನಗು" ಎಂದೆ. ಕೇಳಿಸದ ಮರಿಯವ್ವ ನೆಟ್ಟ ನೋಟ ಕದಲಿಸಲಿಲ್ಲ.

ಇವತ್ತು ಫೋಟೊ ಬಂತು. ಹಣೆಯ ಗೆರೆ, ಗದ್ದದ ಹಚ್ಚೆ, ಎಲ್ಲ ಇದೆ. ಓಡಿ ಹೋಗಿ ಕೊಟ್ಟೆ. ಆಕೆ ಫೋಟೊದಲ್ಲಿನ ತನ್ನ ಕೆನ್ನೆಯ ಮೇಲೆ ಬೆರಳಾಡಿಸಿದಳು.

"ಇಲ್ಲಿ ಅದೇನಿ," ಎಂದಳು. ಆಮೇಲೆ ಮೆಲ್ಲಗೆ, "ನಿಮ್ಮಪ್ಪಗ ತೋರ್ಸಬೇಕಿತ್ತು."

ಮಷಿನ್ನು ಮತ್ತೆ ಕಿವಿಯಲ್ಲಿತ್ತು, ಏನಂದರೂ ಆಕೆಗೆ ಕೇಳಿಸುತ್ತಿತ್ತು. ಅಪ್ಪನ ಕಣ್ಣು ಹೋಗಿರಲಿಲ್ಲ ಎಂದು ಮೆಲ್ಲಗೇ ಹೇಳಿದೆ.