ಮಾರ್ಥಾ ಸಿಸ್ಟರ್ ಮರೆತು ಹೋದ ಕಾರ್ಡು

ಸುಗುಣಾ ಟೀಚರ್, ಆ ಕಾರ್ಡನ್ನು ನೀವು ಕದಿಯಲಿಲ್ಲ. ನಿಮ್ಮ ಕೈಗೆ ಕೊಟ್ಟವಳು ನಾನು. ಹನ್ನೆರಡು ವರ್ಷ ಇದನ್ನು ನುಂಗಿಕೊಂಡು ಕೂತಿದ್ದೆ.

ಬೀದರಿನ ಆ ದೊಡ್ಡ ಅಂಗಡಿ ನಿಮಗೆ ನೆನಪಿದ್ದೇ ಇರುತ್ತದೆ. ಸದಸ್ಯತ್ವ ಸರ್ಕಾರಿ ನೌಕರರಿಗೆ ಮಾತ್ರ, ರಿಯಾಯಿತಿಯೂ ಅವರಿಗೇ — ಬಾಗಿಲಲ್ಲಿ ಕಾರ್ಡು ನೋಡಿ ಒಳಗೆ ಬಿಡುವ ಕೆಲಸ ನನ್ನದು. ಭಾಲ್ಕಿಯಲ್ಲೂ ಔರಾದಿನಲ್ಲೂ ಶಾಖೆ ತೆರೆದಾಗ ನಮ್ಮ ಗತ್ತು ನೋಡಬೇಕಿತ್ತು! ನನಗೆ ಅಕ್ಷರ ಕಲಿಸಿದ ನೀವು ಖಾಸಗಿ ಶಾಲೆಯ ಟೀಚರ್, ಕಾರ್ಡಿರಲಿಲ್ಲ. ಗಾಜಿನಾಚೆ ನಿಂತು ಕುಕ್ಕರ್ ನೋಡಿ ಹೋಗುತ್ತಿದ್ದಿರಿ. ಒಂದು ದಿನ ನಮ್ಮ ಚರ್ಚಿನ ಮಾರ್ಥಾ ಸಿಸ್ಟರ್, ಸರ್ಕಾರಿ ಆಸ್ಪತ್ರೆಯ ನರ್ಸು, ಕೌಂಟರಿನಲ್ಲಿ ಕಾರ್ಡು ಮರೆತು ಹೋದರು. ನನಗೆ ದೊಡ್ಡಸ್ತಿಕೆ ತೋರಿಸಲು ಅಷ್ಟೇ ಸಾಕಾಯಿತು.

"ತಗೋರಿ ಟೀಚರ್, ಸಿಸ್ಟರ್‌ಗ ನಾ ಹೇಳ್ತೇನಿ" ಎಂದೆ. ಹೇಳಲಿಲ್ಲ.

ನೀವು ಕುಕ್ಕರ್ ಹಿಡಿದು ಕೌಂಟರಿಗೆ ಬಂದಾಗಲೇ ಹೆಡ್ ಆಫೀಸಿನ ಸಾಹೇಬರು ಬಂದಿರಬೇಕೆ? ಕಾರ್ಡಿನ ಫೋಟೊ ನೋಡಿದರು, ನಿಮ್ಮನ್ನು ನೋಡಿದರು, ನನ್ನತ್ತ ತಿರುಗಿದರು. "ಇದು ಇವ್ರ ಕೈಗೆ ಹ್ಯಾಂಗ ಬಂತು?"

"ನನಗೇನೂ ಗೊತ್ತಿಲ್ರಿ ಸರ್."

ಕೆಲಸ ಹೋದೀತೆಂಬ ಭಯ — ಇಲ್ಲ, ಅದನ್ನು ನೆಪ ಮಾಡಲಾರೆ. ನೀವು ನನ್ನ ಮುಖ ನೋಡಿದಿರಿ. ಆಮೇಲೆ "ನಾನೇ ತಗೊಂಡೀನ್ರಿ" ಎಂದಿರಿ. ಕುಕ್ಕರನ್ನು ಮತ್ತೆ ಸಾಲಿನಲ್ಲಿಟ್ಟವಳೂ ನಾನೇ.

ನೀವು ಮನೆ ಮುಟ್ಟುವ ಮೊದಲೇ ಸುದ್ದಿ ಚರ್ಚು ಮುಟ್ಟಿತ್ತು. ಮುಂದಿನ ಭಾನುವಾರ ನೀವು ಕುಳಿತಾಗ ಮಾರ್ಥಾ ಸಿಸ್ಟರ್ ತಮ್ಮ ಪರ್ಸನ್ನು ಆಚೆ ಬದಿಗೆ ಸರಿಸಿಕೊಂಡರು. ನೀವು ನೋಡಿಕೊಳ್ಳುತ್ತಿದ್ದ ಸಂಡೇ ಸ್ಕೂಲಿನ ಕಪಾಟಿನ ಕೀಲಿಕೈಯನ್ನು ಚರ್ಚಿನವರು ನಿಮ್ಮಿಂದ ಕೇಳಿ ತೆಗೆದುಕೊಂಡರು. ನಾನು ಹಿಂದಿನ ಬೆಂಚಿನಲ್ಲಿದ್ದೆ, ಹಾಡುತ್ತಿದ್ದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು — ಈ ಗಾದೆ ನಮ್ಮಿಂದ ಬರೆಸಿದವರು ನೀವೇ. ನಿಮ್ಮ ಮಾನ ಕಳೆದವಳು ನಿಮ್ಮ ವಿದ್ಯಾರ್ಥಿನಿ.

ಎರಡು ವರ್ಷಕ್ಕೆ ಔರಾದಿನ ಅಂಗಡಿ ಮುಚ್ಚಿತು, ಆಮೇಲೆ ಭಾಲ್ಕಿಯದು. ಬೀದರಿನಲ್ಲಿ ಕೊನೆಕೊನೆಗೆ 'ಕಾರ್ಡು ಬೇಡ, ಯಾರಾದರೂ ಬನ್ನಿ' ಎಂದು ಬೋರ್ಡು ಹಾಕಿದರು. ನಾನು ಬಾಗಿಲಲ್ಲಿ ಸುಮ್ಮನೆ ನಿಂತಿರುತ್ತಿದ್ದೆ. ನೀವು ಬರಲಿಲ್ಲ. ಚರ್ಚಿಗೆ ಬರುವುದನ್ನೂ ಅಷ್ಟರಲ್ಲಿ ಬಿಟ್ಟಿದ್ದಿರಿ. ಈಗ ಆ ಕಟ್ಟಡದಲ್ಲಿ ಟೈಲ್ಸ್ ಮಾರುತ್ತಾರೆ.

ನಿನ್ನೆ ನೌಬಾದದಲ್ಲಿ ಮಾರ್ಥಾ ಸಿಸ್ಟರ್ ಮನೆಗೆ ಹೋಗಿ ಅವರಿಗೆ ಎಲ್ಲ ಹೇಳಿದೆ. ಅವರು, "ಇಷ್ಟ ವರ್ಷ ನಾ ಅವ್ರ ಕೂಡ ಮಾತಾಡಿಲ್ಲವ್ವಾ" ಎಂದರು.

ಈ ಭಾನುವಾರ ಆರಾಧನೆ ಮುಗಿದ ಮೇಲೆ ಎಲ್ಲರೆದುರು ಎದ್ದು ನಿಂತು ಹೇಳುತ್ತೇನೆ. ನೀವು ಬರಬೇಕೆಂದು ಕೇಳುವ ಹಕ್ಕು ನನಗಿಲ್ಲ. ನೀವಿಲ್ಲದಿದ್ದರೂ ಹೇಳುತ್ತೇನೆ.